ಅಪ್ಪ ಕೂತ ಪೆಟ್ಟಿಗೆ

ನಮ್ಮಪ್ಪನನ್ನು ಬ್ಯಾಂಕಿನವರು ಮೂರು ವರ್ಷಕ್ಕೊಮ್ಮೆ ವರ್ಗ ಮಾಡುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಮಹಾರಾಷ್ಟ್ರದ ನಾಸಿಕ್ ರೋಡಿಗೆ ಬಂದಾಗಲೂ ಸಾಮಾನು ತಂದ ಕಟ್ಟಿಗೆಯ ಪೆಟ್ಟಿಗೆಗಳನ್ನು ಒಡೆಯಲಿಲ್ಲ. ಮುಂದಿನ ವರ್ಗಕ್ಕೆ ಬೇಕಲ್ಲ! ಎರಡನ್ನು ಜೋಡಿಸಿ ಮೇಲೊಂದು ಚಾದರ ಹಾಸಿದರೆ ಅದೇ ನಮ್ಮ ಸೋಫಾ.

ಎದುರಿನ ಓಣಿಗೆ ಉತ್ತರ ಪ್ರದೇಶದ ನಾಲ್ಕು ಮಂದಿ ಬಡಗಿಗಳು ಬಂದದ್ದೇ ತಡ, ಅಪ್ಪ ಆ ಸೋಫಾದ ಮೇಲೆ ಕೂತು ದಿನಾ ಸಂಜೆ ಗೊಣಗತೊಡಗಿದ.

“ಹೊರಗಿನವ್ರು ಬಂದು ನಮ್ಮ ನಾಸಿಕ್ ಹಾಳ ಮಾಡ್ಯಾರ. ಎಲ್ಲಾರನ್ನೂ ಅವರವರ ಊರಿಗೆ ಕಳಸಬೇಕು.”

ನಮ್ಮ ನಾಸಿಕ್ ಅಂತೆ! ನಾವು ಬಂದು ಎರಡು ವರ್ಷವೂ ತುಂಬಿರಲಿಲ್ಲ, ಅದೂ ಈ ಮಾತು ಅಚ್ಚ ಧಾರವಾಡ ಕನ್ನಡದಲ್ಲಿ. ಹೊರಗಿನವರನ್ನು ಓಡಿಸಬೇಕೆಂಬ ಮಾತನ್ನು ಯಾರ ಬಾಯಲ್ಲಿ ಕೇಳಿದರೂ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವ್ವ ಮಾತ್ರ ಎಂದೂ ವಾದಕ್ಕೆ ಇಳಿಯಲಿಲ್ಲ.

ಒಂದು ಸಂಜೆ ಆಕೆ ಅಪ್ಪನ ಎದುರು ಬಂದು ನಿಂತಳು.

“ಸ್ವಲ್ಪ ಏಳ್ರಿ, ಚಾದರ ಒಗೀಬೇಕು.”

ಅಪ್ಪ ಪೇಪರ್ ಹಿಡಿದುಕೊಂಡೇ ಎದ್ದ. ಅವ್ವ ಚಾದರ ಎಳೆದಳು. ಪೆಟ್ಟಿಗೆಯ ಮೇಲೆ ಅಪ್ಪನೇ ಕರಿ ಬಣ್ಣದಲ್ಲಿ ದಪ್ಪಗೆ ಬರೆದದ್ದು ಕಂಡಿತು: ‘ಧಾರವಾಡದಿಂದ ನಾಸಿಕ್ ರೋಡಿಗೆ.’

“ಕಳಸೋದಾದ್ರ ಪೆಟ್ಟಿಗಿ ತಯಾರ್ ಅದಾವ್ರಿ,” ಎಂದಳು ಅವ್ವ. “ಮೊದಲ ಯಾರ ಸಾಮಾನ ತುಂಬ್ಲಿ?”