ಉಗಾರದ ಗೋಲ್‌ಕೀಪರ್ ಹೊರಗೆ ಕುಳಿತ ರವಿವಾರ

ರವಿವಾರ ಹೊತ್ತು ಇಳಿಯುವ ಮೊದಲೇ ಉಗಾರ ಬುದ್ರುಕದ ಭರತ ಹಾಲಿನ ಡೇರಿಯ ಸಂಜೆ ಕೆಲಸವನ್ನು ಜೊತೆಗಾರನ ತಲೆಗೆ ಕಟ್ಟಿ ಮನೆಗೆ ಬಂದುಬಿಡುತ್ತಾನೆ. ವಾರದ ಉಳಿದ ದಿನ ಅವನನ್ನು ಡೇರಿಯ ಕುರ್ಚಿಯಿಂದ ಎಬ್ಬಿಸುವುದು ಹೆಂಡತಿ ಕಾಜಲಳಿಂದಲೂ ಆಗುವ ಮಾತಲ್ಲ. ಆದರೆ ರವಿವಾರ ಅವನಿಗೆ ವರದಿ ಹೇಳಬೇಕು. ಅದನ್ನು ಕೇಳಲು ತಾಯಿ ಕಾಶಿಬಾಯಿ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತಿರುತ್ತಾಳೆ. ಆಕೆಯದು ಹೊತ್ತು ಮುಳುಗಿದ ಮೇಲೆ ಬಾಯಿಗೆ ಹನಿ ನೀರೂ ಹಾಕದ ನೇಮ. ವರದಿ ಮೊದಲು, ಆಮೇಲೆ ಊಟ, ಆಮೇಲೆ ಸೂರ್ಯ ಮುಳುಗಬೇಕು. ಈ ಕ್ರಮ ತಪ್ಪದೆ ನಡೆದುಬಂದಿತ್ತು.

ವರದಿ ಎಂದರೆ ಫುಟ್‌ಬಾಲ್ ಆಟದ್ದು. ಆದರೆ ಆ ಆಟವನ್ನು ಯಾರೂ ಕಾಲಿನಿಂದ ಆಡುವುದಿಲ್ಲ.

ಕೊರೋನಾ ಬಂದು ಮೈದಾನಗಳೆಲ್ಲ ಮುಚ್ಚಿದಾಗ ನಿಪ್ಪಾಣಿಯ ಅಮೋಲ ಸುರು ಮಾಡಿದ್ದು ಅದು. ಅಮೋಲನದು ಫ್ಲೆಕ್ಸ್ ಬ್ಯಾನರ್ ಮಾಡಿಕೊಡುವ ಅಂಗಡಿ. ಅವನ ಕಂಪ್ಯೂಟರಿನಲ್ಲಿ ತಾನೇ ಆಡಿಸಿ ತಾನೇ ಆಡುವ ಒಂದು ಆಟವಿತ್ತು. ಅದರೊಳಗೆ ಅವನು ಉಗಾರ, ಅಂಕಲಿ, ಕರೋಶಿ, ಕಾಗವಾಡ, ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿ ಎಂದು ತಂಡಗಳನ್ನು ಮಾಡಿ, ಕೊಲ್ಹಾಪುರಕ್ಕೆ ಜೊತೆಯಾಗಿ ಆಟ ನೋಡಲು, ಆಡಲು ಹೋಗುತ್ತಿದ್ದ ಗೆಳೆಯರ ಹೆಸರನ್ನೆಲ್ಲ ತುಂಬಿದ. ಹೆಸರು, ಎತ್ತರ, ಜನ್ಮದಿನ, ಯಾರು ಎಷ್ಟು ಓಡುತ್ತಾರೆ ಎಂಬುದಷ್ಟನ್ನು ಕೊಟ್ಟರೆ ಮುಗಿಯಿತು. ಗೆಲ್ಲಿಸುವುದು, ಸೋಲಿಸುವುದು, ಕಾಲು ಮುರಿಯುವುದು ಎಲ್ಲ ಯಂತ್ರದ್ದೇ. ಕೃಷ್ಣಾಕಾಠ ಲೀಗ್ ಎಂದು ಹೆಸರಿಟ್ಟರು. ರವಿವಾರ ಬೆಳಿಗ್ಗೆ ಅಮೋಲ ಗುಂಡಿ ಒತ್ತುತ್ತಾನೆ. ಏನಾಯಿತೆಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ಬರೆದದ್ದನ್ನು ಭರತನ ಫೋನಿಗೆ ಕಳಿಸುತ್ತಾನೆ. ಅದನ್ನು ಕಥೆ ಮಾಡಿ, ದನಿ ತುಂಬಿ, ಗೆಳೆಯರ ಗುಂಪಿಗೆ ಹೇಳುವುದು ಭರತನ ಕೆಲಸ.

"ರಾಮ್ ರಾಮ್, ಜಯ ಜಿನೇಂದ್ರ, ನಮಸ್ಕಾರ ಮಂಡಳಿ! ಅಂಕಲಿಯವ್ರು ಬಂದ್ರು ನೋಡ್ರಿ, ಬಲಕ್ಕಿಂದ ವಿಶಾಲ ಬಂದಾ, ಇಬ್ಬರನ ದಾಟಿದಾ, ಹೊಡದಾ! ನಮ್ಮ ಸುಜಯ ಹಾರಿದಾ ನೋಡ್ರಿ, ಹಿಡದಾ! ಚೆಂಡ ಅಲ್ಲ ಅದು, ಕೂಸಿನ ಹಿಡದಂಗ ಎದಿಗಿ ಹಚ್ಚಿ ಹಿಡದಾ!"

ಸುಜಯ ಭರತನ ತಮ್ಮ. ನಿಜವಾಗಿಯೂ ಗೋಲ್‌ಕೀಪರನೇ ಆಗಿದ್ದ. ಉದ್ದ ಕೈ, ಮಾತು ಕಡಿಮೆ. ಲೀಗ್ ಸುರುವಾದ ಹೊಸದರಲ್ಲಿ ಅಮೋಲ ತನ್ನ ಹೆಸರಿನ ಆಟಗಾರನ ಓಟವನ್ನು ಗುಟ್ಟಾಗಿ ಹೆಚ್ಚಿಸಿಕೊಂಡಿದ್ದನ್ನು ಕಂಡುಹಿಡಿದವನು ಅವನೇ. "ಅಮ್ಯಾ, ಹತ್ತಿ ಮೂಟಿ ಉಳ್ಳಿದಂಗ ಓಡ್ತಿ ನೀ. ಇದರಾಗ ಚಿಗರಿ ಆಗಿಯಲ್ಲೋ?" ಎಂದು ನಗಿಸಿ, ಅಂದೇ ನೇಮ ಮಾಡಿಸಿದ: ಯಾರೂ ಒಳಗೆ ಕೈ ಹಾಕುವಂತಿಲ್ಲ, ಯಂತ್ರ ಆಡಿಸಿದ್ದೇ ಆಟ.

ಅದಾಗಿ ಎರಡನೇ ಕಬ್ಬಿನ ಹಂಗಾಮಿನಲ್ಲಿ, ಹಿಂದೆ ದೀಪವಿಲ್ಲದೆ ರಸ್ತೆಯ ಮೇಲೆ ನಿಂತ ಒಂದು ಕಬ್ಬಿನ ಟ್ರಾಲಿಗೆ ಅವನ ಬೈಕು ಬಡಿಯಿತು. ಆಸ್ಪತ್ರೆಯ ಬಾಗಿಲನ್ನೂ ಅವನು ಕಾಣಲಿಲ್ಲ.

ಕೆಲವು ವಾರ ಲೀಗನ್ನು ಯಾರೂ ನೆನೆಯಲಿಲ್ಲ. ಆಮೇಲೊಂದು ರವಿವಾರ ಅಮೋಲ ಸುಮ್ಮನೆ ಗುಂಡಿ ಒತ್ತಿದ. ಸತ್ತ ಸುದ್ದಿ ಯಂತ್ರಕ್ಕೆ ಗೊತ್ತಿರಲಿಲ್ಲ. ಉಗಾರದ ಗೋಲಿನ ಮುಂದೆ ಸುಜಯನನ್ನೇ ನಿಲ್ಲಿಸಿತ್ತು. ಭರತ ಪಡಸಾಲೆಯಲ್ಲಿ ಕುಳಿತು ದನಿ ಸಣ್ಣದು ಮಾಡಿ ಫೋನಿಗೆ ಹೇಳುತ್ತಿದ್ದ. "ಸುಜಯ ಹಿಡದಾ" ಎಂದದ್ದು ಅಡುಗೆಮನೆಗೆ ಕೇಳಿಸಿತು. ಕಾಶಿಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು.

"ಏನ್ ಹಿಡದಾ?"

ಭರತ ಇದ್ದದ್ದನ್ನು ಇದ್ದ ಹಾಗೆ ಬಿಡಿಸಿ ಹೇಳಿದ: ಯಂತ್ರದ ಆಟ ಅವ್ವಾ, ಅವನ ಹೆಸರಷ್ಟೇ ಅದರಾಗ. ಆಕೆ ಕೇಳಿದಳು, ತಲೆ ಆಡಿಸಿದಳು. ಎಷ್ಟು ತಿಳಿಯಿತೋ. ಅಳಲಿಲ್ಲ. "ಇನ್ನೊಮ್ಮಿ ಹೇಳು" ಎಂದಳು.

ಅಂದಿನಿಂದ ಪ್ರತಿ ರವಿವಾರ ಆಕೆ ಕೇಳಲು ಕೂರುತ್ತಿದ್ದಳು. ಗೋಲು ಎಂದರೇನು, ಯಾರು ಯಾರಿಗೆ ಸೋತರು, ಅದೆಲ್ಲ ಬೇಡ. ಮನೆಯಲ್ಲಿ ಯಾರೂ ನಾಲಿಗೆಯ ಮೇಲೆ ತರಲು ಅಂಜುತ್ತಿದ್ದ ಹೆಸರು, ಆ ಅಷ್ಟು ಹೊತ್ತು, ಓಡಾಡುವ ಮನುಷ್ಯನ ಹೆಸರಿನ ಹಾಗೆ ಬರುತ್ತಿತ್ತು. ಕೊನೆಯಲ್ಲಿ ಒಂದೇ ಪ್ರಶ್ನೆ: "ಪೆಟ್ಟ ಏನ್ ಹತ್ತಿಲ್ಲಲ್ಲ?"

"ಇಲ್ಲವ್ವಾ."

"ಹಂಗಾದ್ರ ಏಳು, ಉಣ್ಣೂನು."

ಡೇರಿಯಲ್ಲಿ ಮಾತ್ರ ಚೇಷ್ಟೆ ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ಹಾಲಿನ ಕ್ಯಾನು ಇಳಿಸುತ್ತಲೇ ರಾವಸಾಹೇಬ ಕಾಕಾ ಸುರು ಮಾಡುತ್ತಿದ್ದ. "ಏನಪಾ ಭರತಾ, ಉಗಾರ ಮತ್ತ ಸೋತಿತಂತ? ಚೆಂಡಿಲ್ಲ, ಮೈದಾನಿಲ್ಲ, ಆಡಾವ್ರೂ ಇಲ್ಲ. ಸೋಲೂದಷ್ಟ ಬರೋಬ್ಬರಿ ಐತಿ ನೋಡು!"

"ನಿಮ್ಮ ಹಾಲಿನಂಗ ಅಲ್ಲ ಬಿಡ್ರಿ ಕಾಕಾ, ನೀರ ಕೂಡಿಸಿ ಗೆಲ್ಲಾಕ ಬರಂಗಿಲ್ಲ" ಎನ್ನುತ್ತಿದ್ದ ಭರತ. ಪಾಳಿಯಲ್ಲಿ ನಿಂತವರೆಲ್ಲ ನಗುತ್ತಿದ್ದರು, ಕಾಕಾನೂ ನಗುತ್ತಿದ್ದ.

ಯಂತ್ರದೊಳಗೆ ವರ್ಷಗಳು ಬೇಗ ಉರುಳುತ್ತವೆ. ಮಳೆಗಾಲ ಹೋಗಿ ಚಳಿ ಬರುವಷ್ಟರಲ್ಲಿ ಅಲ್ಲಿ ಒಂದು ವರ್ಷ ಮುಗಿದಿರುತ್ತದೆ. ಹೆಸರು ಕೊಟ್ಟ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಅಲ್ಲಿ ಮುದುಕರಾಗಿ ಆಟ ಬಿಟ್ಟರು. ಅವರ ಜಾಗದಲ್ಲಿ ಯಂತ್ರ ತನಗೆ ತಿಳಿದ ಹೆಸರುಗಳನ್ನು ತುಂಬಿತು. ಕರೋಶಿಯ ಪರವಾಗಿ ಒಬ್ಬ ಬ್ರೆಜಿಲ್‌ನವ ಆಡುತ್ತಿದ್ದ. ಗೋಲ್‌ಕೀಪರರ ಬಾಳಿಕೆ ಹೆಚ್ಚು, ಆದ್ದರಿಂದ ಹಳಬರಲ್ಲಿ ಉಳಿದವನು ಸುಜಯ ಒಬ್ಬನೇ. ಅವನು ಈಗ ಭರತನಿಗಿಂತ ದೊಡ್ಡವನಾಗಿದ್ದ. ಅದನ್ನು ಕೇಳಿ ಕಾಶಿಬಾಯಿ, "ತಲಿ ಬೆಳ್ಳಗಾಗಿರಬೇಕು. ನಿಮ್ಮಪ್ಪಂದೂ ಲಗೂನ ಆಗಿತ್ತು" ಎಂದಳು.

ಈ ವರ್ಷ ಬೇಸಿಗೆಯ ಒಂದು ದಿನ ಅಮೋಲನ ಫೋನು ಬಂತು.

"ಭರತದಾದಾ, ಒಂದ ಮಾತ ಹೇಳ್ಬೇಕಿತ್ತು. ಯಂತ್ರದಾಗ ಬರೂ ಜೂನ್ ಒಂದಕ್ಕ ಸುಜ್ಯಾಗ ನಲವತ್ತ ತುಂಬತಾವ. ಅದಾದ ಮ್ಯಾಲ ಯಂತ್ರ ಯಾರನ್ನೂ ಇಟ್ಗೊಳ್ಳಂಗಿಲ್ಲ."

"ಜೂನ್ ಒಂದು" ಎಂದು ಕೇಳಿದ್ದೇ ಭರತ ಎದ್ದು ನಿಂತ. ಅದು ಸುಜಯನ ಜನ್ಮದಿನವೇ ಅಲ್ಲ. ಅದು ಶಾಲೆಯ ಮಾಸ್ತರರು ಊರಿನ ಮಕ್ಕಳಿಗೆಲ್ಲ ಹಂಚಿದ ಜನ್ಮದಿನ. ಭರತ ಶಾಲೆಗೆ ಹೊರಟಾಗ ತಮ್ಮ ಅವನ ಅಂಗಿ ಹಿಡಿದು ಬಿಡದೆ ಅತ್ತಿದ್ದ. ಕಾಶಿಬಾಯಿ ಇಬ್ಬರನ್ನೂ ಕರೆದೊಯ್ದು, ಸಣ್ಣವನ ವಯಸ್ಸನ್ನು ಎರಡು ವರ್ಷ ಏರಿಸಿ ಹೇಳಿ, ಒಂದೇ ಮಣೆಯ ಮೇಲೆ ಕೂರಿಸಿ ಬಂದಿದ್ದಳು. ಲೀಗಿಗೆ ಹೆಸರು ಕೊಡುವಾಗ ಎಲ್ಲರೂ ಆಧಾರ್ ಕಾರ್ಡಿನಲ್ಲಿ ಇದ್ದದ್ದನ್ನೇ ಹೇಳಿದ್ದರು.

"ಅಮ್ಯಾ, ಅದು ತಪ್ಪ ತಾರೀಖ. ಅವ ಹುಟ್ಟಿದ್ದು ಭಾದ್ರಪದದಾಗ, ಪರ್ಯೂಷಣ ಪರ್ವದಾಗ, ಅದೂ ಎರಡ ವರ್ಷ ಈಚೆಕ. ತಿದ್ದಿಬಿಡು. ಇದು ಕೈ ಹಾಕಿದಂಗ ಅಲ್ಲ, ಖರೇ ಇದ್ದದ್ದ ಬರದಂಗ."

ಅಮೋಲ ಗುಂಪಿನಲ್ಲಿ ಕೇಳಿದ. ಅಲ್ಲಿ ಗದ್ದಲವೋ ಗದ್ದಲ.

"ನಂದೂ ಜೂನ್ ಒಂದ ಐತಿ! ನನ್ನ ಯಾಕ ಮೊದಲ ಹೊರಗ ಹಾಕಿದ್ರಿ?" ಎಂದ ಕಾಗವಾಡದ ಲಖನ.

"ನಂದೂ ಜೂನ್ ಒಂದ. ನಮ್ಮ ಆಯಿ ಕೇಳಿದ್ರ, ಎಮ್ಮಿ ಈದ ವರ್ಷ ಹುಟ್ಟೀದಿ ಅಂತಾಳ. ಯಾವ ಎಮ್ಮಿ ಅಂದ್ರ ಬಯ್ತಾಳ" ಎಂದ ರಾಯಬಾಗದ ಸುರಜ.

ನೋಡಿದರೆ ಲೀಗಿಗೆ ಲೀಗೇ ಒಂದೇ ದಿನ ಹುಟ್ಟಿತ್ತು. ನಗೆ ಮುಗಿದ ಮೇಲೆ ಲಖನನೇ ಬರೆದ: "ಚ್ಯಾಷ್ಟಿ ಸಾಕು. ಸುಜ್ಯಾಂದು ತಿದ್ದರಿ. ಯಾರೂ ಏನೂ ಅನ್ನಂಗಿಲ್ಲ." ಒಬ್ಬರೂ ಎದುರಾಡಲಿಲ್ಲ.

ಭರತ ಆಗಲೇ ನಿಪ್ಪಾಣಿಗೆ ಬಸ್ಸು ಹತ್ತಿದ. ಅಮೋಲನ ಅಂಗಡಿಯಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಬಣ್ಣ ಇನ್ನೂ ಆರಿರಲಿಲ್ಲ. ಅಮೋಲ ಕಂಪ್ಯೂಟರಿನ ಮುಂದೆ ಕುಳಿತು ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ತೆರೆಯಿತು, ಮುಚ್ಚಿತು. ಓಟ ಬದಲಿಸಬಹುದಂತೆ, ಎತ್ತರ ಬದಲಿಸಬಹುದಂತೆ. ಒಮ್ಮೆ ಲೀಗ್ ಸುರುವಾದ ಮೇಲೆ ಹುಟ್ಟಿದ ದಿನ ಮಾತ್ರ ಬದಲಿಸಲು ಬರುವುದಿಲ್ಲವಂತೆ. ಅಮೋಲ ಯಾರ್‍ಯಾರಿಗೋ ಫೋನು ಮಾಡಿ ಕೇಳಿದ. ಅವರೂ ಅದನ್ನೇ ಹೇಳಿದರು.

"ಒಂದ ದಾರಿ ಐತಿ ದಾದಾ" ಎಂದ ಅಮೋಲ, ಮುಖ ಎತ್ತದೆ. "ಎಲ್ಲಾ ಅಳಸಿ ಮೊದಲಿಂದ ಸುರು ಮಾಡ್ಬೇಕು. ಖರೇ ತಾರೀಖ ಹಾಕೂನು. ಸುಜ್ಯಾ ಮತ್ತ ಹರೇದಾಂವ ಆಗ್ತಾನ."

ಭರತನ ಬಾಯಲ್ಲಿ 'ಹೂಂ' ಬಂದೇಬಿಟ್ಟಿತ್ತು. "ಮತ್ತ ಹಿಂದಿನ ಆಟ?"

"ಹೊಕ್ಕಾವ. ಒಂದೂ ಉಳಿಯಂಗಿಲ್ಲ."

ಹಿಂದಿನ ಆಟಗಳಲ್ಲಿ ಮೊದಲಿನವು ಸುಜಯ ಇದ್ದಾಗ ಆಡಿದವು. ಅವನು ಡೇರಿಯ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ತನ್ನದೇ ಹೆಸರು ಓದಿ, "ನಾ ಇಷ್ಟ ಚಂದ ಹಾರ್ತೀನೇನಣ್ಣ?" ಎಂದು ನಕ್ಕಿದ್ದ ಆಟಗಳು. ಸುಜಯ ತಾನೇ ಕಣ್ಣಾರೆ ಓದಿದ್ದು ಅವುಗಳನ್ನಷ್ಟೇ. ಭರತ ಪರದೆಯನ್ನು ನೋಡುತ್ತ ಕುಳಿತ. ಅಮೋಲ ಎರಡು ಸಲ ಚಹಾ ತರಿಸಿದ.

"ಬ್ಯಾಡ" ಎಂದ ಭರತ ಕೊನೆಗೆ. "ಅಳಸಬ್ಯಾಡ."

ಊರಿಗೆ ಬಂದು ತಾಯಿಗೆ ಇದನ್ನು ಹೇಳಬೇಕೆಂದು ದಿನಾ ಅಂದುಕೊಂಡ. ಹೇಳಿದರೆ, ವಯಸ್ಸು ಏರಿಸಿದವಳು ತಾನೇ ಎಂಬಲ್ಲಿಗೆ ಆಕೆಯ ಮನಸ್ಸು ಹೋಗದೆ ಇರದು. ಹೇಳಲಿಲ್ಲ. ಆಕೆ ದಿನಾ ಬಸದಿಗೆ ಹೋಗಿಬಂದು, ಅಭಿಷೇಕದ ನೀರನ್ನು ಅವನ ಹಣೆಗೆ ಹಚ್ಚುವಾಗ ಮುಖ ನೋಡುತ್ತಿದ್ದಳು, ಕೇಳುತ್ತಿರಲಿಲ್ಲ.

ಕೊನೆಯ ರವಿವಾರ ಬಂತು. ಉಗಾರಕ್ಕೆ ಅಂಕಲಿಯ ಜೊತೆ ಆಟ. ಕೊನೆಯ ಆಟದಲ್ಲಿ ಅವನು ಚೆನ್ನಾಗಿ ಹಿಡಿದಿದ್ದರೆ ಸಾಕು, ಅದನ್ನು ತಾಯಿಗೆ ಬಾಯ್ತುಂಬ ಹೇಳಿ, ಇಷ್ಟಕ್ಕೆ ಮುಗಿಯಿತವ್ವಾ ಎನ್ನಬೇಕೆಂದು ಭರತ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಅಮೋಲ ಕಳಿಸಿದ್ದನ್ನು ಡೇರಿಯಲ್ಲೇ ತೆರೆದು ಓದಿದ. ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ ಕೆಳಗೆ. ಉಗಾರ ಸೋತಿತ್ತು. ಗೋಲಿನ ಮುಂದೆ ಯಾವನೋ ಹೊಸ ಹುಡುಗ ನಿಂತಿದ್ದ. ಸುಜಯನ ಹೆಸರು ಒಂದೇ ಕಡೆ ಇತ್ತು, ಕಟ್ಟಕಡೆಗೆ, ಹೊರಗೆ ಕುಳಿತವರ ಸಾಲಿನಲ್ಲಿ. ಮುದುಕನಾದನೆಂದು ಯಂತ್ರ ಅವನನ್ನು ಆಡಿಸಿಯೇ ಇರಲಿಲ್ಲ.

ಭರತ ಮನೆಗೆ ಬಂದ, ಕೈಕಾಲು ತೊಳೆದ. ಒರೆಸಿಕೊಂಡು ಮತ್ತೊಮ್ಮೆ ತೊಳೆದ. ಆಕಳ ಹತ್ತಿರ ಹೋಗಿ ನಿಂತ. ಸುಳ್ಳು ಹೇಳಿಬಿಡಬಹುದಿತ್ತು, ಸುಜಯ ಹಾರಿದ, ಹಿಡಿದ ಎಂದರೆ ಯಾರು ಹೋಗಿ ನೋಡುತ್ತಾರೆ? ಇಂದು ಹೇಳಿದರೆ ಮುಂದಿನ ರವಿವಾರವೂ ಹೇಳಬಹುದು. ಆದರೆ ಇಷ್ಟು ವರ್ಷ ಹೇಳಿದ್ದೆಲ್ಲ ನಡೆದದ್ದೇ ಆಗಿತ್ತು. ಒಂದು ಸುಳ್ಳು ಬಿದ್ದರೆ ಹಿಂದಿನದೆಲ್ಲವೂ ಕೆಟ್ಟುಹೋಗುತ್ತದೆ ಎನಿಸಿತು.

"ಏನ್ರೀ, ಬರ್ರಿ ಲಗೂನ, ಹೊತ್ತ ಮುಣಗಾಕತ್ತೈತಿ" ಎಂದು ಕಾಜಲ ಒಳಗಿನಿಂದ ಕೂಗಿದಳು. "ಅತ್ತ್ಯಾರು ತಾಟ ಮುಟ್ಟವಲ್ರು. ವರದಿ ಕೇಳಿನ ಉಣ್ತೀನಿ ಅಂತಾರ."

"ಬಂದೆ" ಎಂದವನು ಆಕಳ ಕೊರಳು ಕೆರೆಯುತ್ತಲೇ ನಿಂತ. ಮತ್ತೆ ಕರೆದಳು. ಮತ್ತೆ "ಬಂದೆ" ಎಂದ.

ಅವನು ಪಡಸಾಲೆಗೆ ಬಂದು ಕುಳಿತಾಗ ತಾಟಿನಲ್ಲಿ ರೊಟ್ಟಿ, ಪಲ್ಯ ಹಾಗೇ ಇದ್ದವು. ಕಾಶಿಬಾಯಿ ಕೈ ಕಟ್ಟಿ ಕುಳಿತಿದ್ದಳು.

"ಹೇಳು."

"ಸೋತ್ವಿ ಅವ್ವಾ."

"ಇರಲಿ. ಸುಜಯ?"

ಭರತ ಫೋನು ತೆಗೆದ, ಮತ್ತೆ ಕಿಸೆಗೆ ಹಾಕಿದ. "ಇವತ್ತ ಅವನ ಆಡಿಸಿಲ್ಲವ್ವಾ. ಹೊರಗ ಕುಂತಿದ್ದ."

ಆಕೆ ಅದನ್ನು ಕೇಳಿಸಿಕೊಂಡಳು. "ಪೆಟ್ಟ ಹತ್ತಿತ್ತೇನು?"

"ಇಲ್ಲ. ವಯಸ್ಸಾತಂತ."

"ಹೂಂ. ಕುಂದ್ರಲಿ ಬಿಡು. ಎಷ್ಟಂತ ಹಾರ್‍ಯಾನು." ಆಮೇಲೆ ಕೇಳಿದಳು, "ಮುಂದಿನ ಐತವಾರ?"

ಭರತ ತಲೆ ಅಲ್ಲಾಡಿಸಿದ. ಕಾಶಿಬಾಯಿ ಅವನನ್ನು ನೋಡಿದಳು, ಬಾಗಿಲ ಆಚೆ ನೋಡಿದಳು. ಕಬ್ಬಿನ ಗರಿಗಳ ಮೇಲಿದ್ದ ಕೆಂಪು ಹೋಗಿ ಬೂದಿ ಬಣ್ಣ ಉಳಿದಿತ್ತು. ಆಕೆ ತಾಟನ್ನು ಮೆಲ್ಲಗೆ ಸೊಸೆಯ ಕಡೆ ಸರಿಸಿದಳು.

"ಅಯ್ಯ, ಅತ್ತಿ, ಇನ್ನೂ ಬೆಳಕ ಐತ್ರಿ" ಎಂದಳು ಕಾಜಲ, ಅಳುವ ದನಿಯಲ್ಲಿ.

"ಸೂರ್ಯಾ ಮುಣಗಿದಾ. ತಗಿ."

ಭರತನಿಗೆ ಆಗ ಹೊಳೆಯಿತು. ಒಂದು ಮಾತನ್ನು ತಡಮಾಡಿ ತಾಯಿಯನ್ನು ನಾಳೆ ಹೊತ್ತು ಮೂಡುವವರೆಗೆ ಹಸಿದಿರಲು ಬಿಟ್ಟಿದ್ದ. ಬಾ ಎಂದರೆ ಸೂರ್ಯ ತಿರುಗಿ ಬರುವುದಿಲ್ಲ. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ನೀ ಉಣ್ಣು, ನಿನಗ ನೇಮ ಇಲ್ಲ" ಎಂದಳು ಆಕೆ. ಅವನು ಉಣ್ಣಲಿಲ್ಲ. ಕಿಸೆಯಲ್ಲಿ ಫೋನು ಸದ್ದು ಮಾಡಿತು, ಮತ್ತೆ ಮಾಡಿತು. ಆಕೆ ಗೂಡಿನಿಂದ ಜಪಮಾಲೆ ತೆಗೆದುಕೊಂಡಳು.

"ಅವ್ರೂ ಕಾಯಾಕತ್ತಾರೇನೋ. ಹೇಳು ಅವರಿಗೆ. ಇಲ್ಲೇ ಕುಂತ ಹೇಳು."

ಭರತ ಫೋನನ್ನು ಬಾಯ ಹತ್ತಿರ ಹಿಡಿದ. "ರಾಮ್ ರಾಮ್, ಜಯ ಜಿನೇಂದ್ರ, ನಮಸ್ಕಾರ ಮಂಡಳಿ" ಎಂದು ಸುರು ಮಾಡಿ, ಅಂಕಲಿ ಹೊಡೆದ ಗೋಲುಗಳನ್ನು ಒಂದೊಂದಾಗಿ ಹೇಳಿದ. ಕಾಶಿಬಾಯಿಯ ಬೆರಳ ತುದಿಯಲ್ಲಿ ಮಣಿಗಳು ಸರಿಯುತ್ತಿದ್ದವು.

"ನಮ್ಮ ಗೋಲ್‌ಕೀಪರ್ ಸುಜಯ" ಎಂದಾಗ ಮಣಿ ನಿಂತಿತು. "ಇವತ್ತ ಹೊರಗ ಕುಂತಿದ್ದ."

ಆ ಮಣಿಯನ್ನು ಆಕೆ ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಸರಿಸಿದಳು.