ಮಾವನ ಕಿವಿ

ಪಂಕ್ಚರ್ ಅಂಗಡಿ ಇಡಲು ಹೊರಟಿದ್ದ ಸೋದರಳಿಯ ಹಳೇ ಏರ್ ಕಂಪ್ರೆಸರ್ ಒಂದನ್ನು ಗಾಡಿಯಲ್ಲಿ ಹೇರಿಕೊಂಡು ಮಾವನ ಮನೆಗೆ ಬಂದ. ಕೊಳ್ಳುವ ಮೊದಲು ಅವರದೊಂದು ಮಾತು ಬೇಕಿತ್ತು. ಮಾವ ಇಡೀ ಆಯುಷ್ಯ ಗಾಳಿ ಟ್ಯಾಂಕುಗಳ ರಿಪೇರಿಯಲ್ಲೇ ಕಳೆದವರು.

"ನೋಡಿ ಮಾವ, ಹೆಂಗೆ ಫಳಫಳ ಅಂತಿದೆ!" ಎಂದು ಅಳಿಯ ಗಟ್ಟಿಯಾಗಿ ಹೇಳಿದ.

"ಹಳೇದಕ್ಕೆ ಹೊಸ ಬಣ್ಣ ಬಳಿದಿದ್ದಾರೆ ಅಂದ್ರೆ ಏನೋ ಮುಚ್ಚಿಟ್ಟಿದ್ದಾರೆ ಕಣೋ," ಎಂದು ಮಾವ ಸಿಡುಕಿದರು. ಗಾಳಿಯನ್ನೆಲ್ಲ ಬಿಟ್ಟು, ತಳದ ತಿರುಪು ತೆಗೆದರು. ಕೆಂಪು ನೀರು ಸುರಿಯಿತು. ಆಮೇಲೆ ಪುಟ್ಟ ಸುತ್ತಿಗೆಯಿಂದ ಟ್ಯಾಂಕಿನ ಸುತ್ತ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ. ತುಕ್ಕು ತಿಂದ ಜಾಗ ಮಂಕಾಗಿ ದಬ್ಬೆನ್ನುತ್ತದೆ.

ತಟ್ಟುವಾಗ ಮಾವನ ಕಣ್ಣು ಟ್ಯಾಂಕಿನ ಮೇಲಿರಲಿಲ್ಲ. ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಅತ್ತೆಯ ಮುಖದ ಮೇಲಿತ್ತು. ಸುತ್ತಿಗೆ ತಳಕ್ಕೆ ಬಂದಾಗ ಅತ್ತೆ ಹುಬ್ಬು ಗಂಟಿಕ್ಕಿದರು.

"ಬೇಡ," ಎಂದರು ಮಾವ. "ತಳ ಸವೆದುಹೋಗಿದೆ. ಸಿಡಿದ್ರೆ ಅಂಗಡಿ ಜೊತೆ ನೀನೂ ಇರಲ್ಲ. ವಾಪಸ್ ಕೊಟ್ಟು ಬಾ."

ಅತ್ತೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

"ಈ ವಯಸ್ಸಲ್ಲೂ ನಿಮ್ಮ ಕಿವಿ ಎಷ್ಟು ಚುರುಕು," ಎಂದು ಅಳಿಯ ಸಪ್ಪೆ ಮೋರೆ ಹಾಕಿಕೊಂಡು ಮೆಲ್ಲಗೆ ಅಂದ.

"ಆಂ?"

ಅವನು ಕೂಗಿ ಹೇಳಬೇಕಾಯಿತು. ಅಷ್ಟು ವರ್ಷ ಯಂತ್ರಗಳ ಗದ್ದಲ ಉಂಡ ಕಿವಿ ಅದು.

ಮಾವ ನಕ್ಕುಬಿಟ್ಟರು. "ನನ್ನ ಕಿವಿನಾ? ಅದು ಈಗ ತಾನೇ ನಿನಗೆ ಟೀ ಇಡೋಕೆ ಒಳಗೆ ಹೋಯ್ತಲ್ಲೋ."