ಸಿಪ್ಪೆ ತೆಗೆಯದ ಕ್ಯಾಮೆರಾ

ತೆಗೆಯುವುದೋ, ಬಿಡುವುದೋ? ಕ್ಯಾಮೆರಾ ಮನೆಗೆ ಬಂದಂದಿನಿಂದ ಸುಪ್ರಿತಾಳಿಗೆ ಇದೊಂದೇ ಚಿಂತೆ. ಮಗು ಅವಿನ್‌ಗೆ ರಾಗಿ ಮಣ್ಣಿ ತಿನ್ನಿಸುವಾಗಲೂ ಅದೇ, ಅವನ ಬಟ್ಟೆ ಹಿಂಡುವಾಗಲೂ ಅದೇ. ವಿಷಯ ಇಷ್ಟೇ: ಕ್ಯಾಮೆರಾದ ಬೆನ್ನಿಗಿರುವ ಪರದೆಯ ಮೇಲೆ ಕಂಪನಿಯವರು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿ ಕಳಿಸಿದ್ದರು.

ಮನೆಯ ಫ್ರಿಜ್ಜು, ವಾಷಿಂಗ್ ಮೆಷಿನ್ನು ಎರಡನ್ನೂ ಸೇರಿಸಿದರೂ ಆ ಕ್ಯಾಮೆರಾದ ಬೆಲೆಗೆ ಸಮ ಬರುತ್ತಿರಲಿಲ್ಲ. ಪುತ್ತೂರಿನ ಫೋಟೋ ಅಂಗಡಿಯ ಮಶೂದ್ ಅದನ್ನು ಕೈಗಿಡುತ್ತಾ, ಹದಿನೈದು ದಿನದೊಳಗೆ ಏನಾದರೂ ದೋಷ ಕಂಡರೆ ಬದಲಿಸಿ ಕೊಡುತ್ತೇನೆ, ಮಾಲು ಮಾತ್ರ ಹೊಸದರ ಹಾಗೆ ಇರಬೇಕು ಎಂದಿದ್ದ. ಮೈಸೂರಿನ ಕಾನ್ವೆಂಟಿನಲ್ಲಿ ಹನ್ನೆರಡು ವರ್ಷ ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಬೆಳೆದ ಹುಡುಗಿಗೆ ಆ ಒಂದು ಮಾತು ಸಾಕಾಯಿತು. ಹಾಳೆ ಕಿತ್ತರೆ ಅದು ಹೊಸದರ ಹಾಗೆ ಇದ್ದಂತಾಯಿತೆ? ಫೋನಿನಲ್ಲಿ ಏಳು ವಿಡಿಯೋ ನೋಡಿದಳು. ಮೂವರು ತೆಗೆಯಿರಿ ಎಂದರು, ಮೂವರು ಬೇಡವೆಂದರು, ಏಳನೆಯವನು ಬೇರೆ ಹಾಳೆ ಮಾರಲು ನೋಡಿದ. ಮಶೂದನನ್ನೇ ಕೇಳೋಣವೆಂದು ನಂಬರ್ ಒತ್ತುವಳು, ಒಂದು ರಿಂಗ್ ಆಗುವಷ್ಟರಲ್ಲಿ ನಾಚಿಕೆಯಾಗಿ ಕತ್ತರಿಸುವಳು.

ಗಂಡ ಪ್ರಖ್ಯಾತ್‌ನನ್ನು ಕೇಳಿ ಪ್ರಯೋಜನವಿರಲಿಲ್ಲ. ಅವನ ಕಾರಿನ ಸೀಟುಗಳಿಗೆ ಶೋರೂಮಿನ ಪ್ಲಾಸ್ಟಿಕ್ ಮೂರು ವರ್ಷದಿಂದ ಹಾಗೆಯೇ ಇತ್ತು. ರಾಮಕುಂಜದಿಂದ ಕಡಬ ಮುಟ್ಟುವಷ್ಟರಲ್ಲಿ ಕೂತವರ ಬೆನ್ನು ಬೆವರಿ ಅದಕ್ಕೆ ಅಂಟಿಕೊಂಡು, ಇಳಿಯುವಾಗ ಚರ್ರೆಂದು ಸದ್ದಾಗುತ್ತಿತ್ತು. "ಇರ್ಲಿ ಮಾರಾಯ್ತಿ, ಅದು ನಿನ್ನ ಹತ್ರ ಊಟ ಕೇಳ್ತದಾ?" ಎಂದು ಅವನು ಪುತ್ತೂರಿನ ಆಫೀಸಿಗೆ ಹೊರಟುಬಿಟ್ಟ.

ಇಂಥ ಮನೆಯಲ್ಲಿ ಆ ಕ್ಯಾಮೆರಾದಿಂದ ಒಂದು ಕೆಲಸ ಆಗಲೇಬೇಕೆಂದು ಹಟ ಹಿಡಿದವರು ಪ್ರಖ್ಯಾತನ ಅಜ್ಜಿ ಚೆನ್ನು. ವಯಸ್ಸು ಎಂಬತ್ನಾಲ್ಕು. ಗೋಡೆಗೆ ಹಾಕುವ ಪಟವನ್ನು ಬದುಕಿರುವಾಗಲೇ ತೆಗೆಸಿಕೊಳ್ಳಬೇಕು ಎಂಬುದು ಅವರ ವಾದ. ಇಲ್ಲದಿದ್ದರೆ ಆಮೇಲೆ ಮಕ್ಕಳು ಗಡಿಬಿಡಿಯಲ್ಲಿ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿಬಿಡುತ್ತಾರೆ. ಅದರಲ್ಲಿ ತಾನು ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗೆ ಇದ್ದೇನೆ ಎಂದು ಅವರಿಗೆ ದೊಡ್ಡ ಬೇಸರ. ಹೋದ ವರ್ಷ ಪುತ್ತೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದವರೇ ಮೊದಲು ನೋಡಿ ಬೈದದ್ದು ಆ ಫೋಟೋವನ್ನು.

ಮೂರನೆಯ ದಿನ ಬೆಳಿಗ್ಗೆ ಅಜ್ಜಿ ಗಂಜಿ ಹಾಕಿದ ಸೀರೆ ಉಟ್ಟು, ಅವಿನ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಗಲಿಯಲ್ಲಿ ಸಿದ್ಧರಾದರು. ಸುಪ್ರಿತಾ ಇಪ್ಪತ್ತು ಫೋಟೋ ತೆಗೆದಳು, ಹಾಳೆಯ ಸಮೇತ. ಪರದೆಯನ್ನು ಅಜ್ಜಿಗೆ ತೋರಿಸಿದಳು. ಅಜ್ಜಿ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಮೂಗುತಿ ಬಂದುಂಟಲ್ಲ ಮಗಾ."

ಅಜ್ಜಿಗೆ ಮೂಗುತಿ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಒಂದಿತ್ತು. ಕುಮಾರಧಾರೆಯಲ್ಲಿ ಬಟ್ಟೆ ಒಗೆಯುವಾಗ ಬಿದ್ದುಹೋಗಿತ್ತು. ಮೂರು ದಿನ ಹೊಳೆಯ ಮರಳನ್ನು ಜರಡಿ ಹಿಡಿದರೂ ಸಿಗಲಿಲ್ಲ. ಇನ್ನೊಂದು ಮಾಡಿಸಿಕೊಡಿ ಎಂದು ಗಂಡನಿಗೆ ಅವರೂ ಹೇಳಲಿಲ್ಲ, ಗಂಡನಿಗೆ ತಾನಾಗಿ ಹೊಳೆಯಲೂ ಇಲ್ಲ. ಅರವತ್ತು ವರ್ಷ ತೂತು ಮಾತ್ರ ಉಳಿದಿತ್ತು. ಆದರೆ ಪರದೆಯಲ್ಲಿ ಅಜ್ಜಿಯ ಮೂಗಿನ ಮೇಲೆ ಕಪ್ಪು ಹರಳೊಂದು ಲಕ್ಷಣವಾಗಿ ಕೂತಿದ್ದು ನಿಜ.

ಸುಪ್ರಿತಾ ಮುಂದಿನ ಫೋಟೋಕ್ಕೆ ಸರಿಸಿದಳು. ಹರಳು ಅವಿನ್‌ನ ಕೆನ್ನೆಯಲ್ಲಿ ದೃಷ್ಟಿಬೊಟ್ಟಾಗಿತ್ತು. ಅದರ ಮುಂದಿನದರಲ್ಲಿ ಹೊಸ್ತಿಲ ಬೆಕ್ಕಿನ ಕಿವಿಗೆ ಏರಿತ್ತು. ಅವಳು ಕ್ಯಾಮೆರಾವನ್ನು ಅಜ್ಜಿಯ ಕೈಯಿಂದ ತೆಗೆದುಕೊಂಡಳು. ಬೆಳಕಿಗೆ ಹಿಡಿದು ನೋಡಿದರೆ, ಅವಿನ್ ಮಣ್ಣಿ ಮೆತ್ತಿದ ಬೆರಳಿಂದ ಕೆರೆದಲ್ಲಿ ಹಾಳೆಯ ಅಂಚು ಎದ್ದಿತ್ತು. ಸಿಹಿಯ ವಾಸನೆಗೆ ಒಳಗೆ ನುಗ್ಗಿದ ಸಣ್ಣ ಇರುವೆಯೊಂದು ಅಲ್ಲಿಯೇ ಅಂಟಿಕೊಂಡು ಸತ್ತಿತ್ತು.

ಹೇಳೋಣವೆಂದು ತಲೆ ಎತ್ತಿದರೆ ಅಜ್ಜಿ ಅಂಗಳದಲ್ಲಿದ್ದರು. ರಬ್ಬರ್ ಹಾಲು ತೆಗೆದು ಬಕೆಟ್ ಹಿಡಿದು ಬರುತ್ತಿದ್ದ ಅಚ್ಚುತನಿಗೆ ಸುದ್ದಿ ಆಗಲೇ ತಲುಪಿತ್ತು. ಮರುದಿನ ಸ್ಕೂಟರಿನಲ್ಲಿ ಮೀನು ತಂದ ಪೋಕರ್‌ಗೂ ತಲುಪಿತು. ಕಳೆದುಹೋದದ್ದನ್ನು ಹುಡುಕಿ ಕೊಡುವ ಕ್ಯಾಮೆರಾ ತನಗೂ ಒಂದು ಬೇಕು, ಹೆಂಡತಿಯ ಬೆಂಡೋಲೆಯ ವಿಷಯವೊಂದುಂಟು ಎಂದು ಅವನು ಹೆಲ್ಮೆಟ್ ತೆಗೆದಿಟ್ಟು ನಿಂತ. ಸುಪ್ರಿತಾ ಬ್ಯಾಟರಿ ಚಾರ್ಜಿಗಿದೆ ಎಂದು ಸುಳ್ಳು ಹೇಳಿ ಬೂತಾಯಿ ಮೀನು ತೆಗೆದುಕೊಂಡು ಒಳಗೆ ಬಂದಳು.

ಮೊದಲು ಒಂದೇ ಚಿಂತೆಯಿತ್ತು, ಈಗ ಅದಕ್ಕೆ ಕಾಲುಗಳು ಮೂಡಿದ್ದವು. ಹಾಳೆ ಕಿತ್ತರೆ ಅಜ್ಜಿಯ ಮೂಗುತಿ ಹೋಗುತ್ತದೆ. ಕೀಳದಿದ್ದರೆ ಇರುವೆ ಉಳಿಯುತ್ತದೆ. ಕಿತ್ತರೂ ಬಿಟ್ಟರೂ ದೊಡ್ಡ ಪಟದಲ್ಲಿ ಮೂಗುತಿ ಬರುವುದಿಲ್ಲ. ಅಜ್ಜಿಯೋ, ಅಜ್ಜನ ಪಟದ ಪಕ್ಕದಲ್ಲಿ ಅಚ್ಚುತನಿಂದ ಮೊಳೆಯನ್ನೂ ಹೊಡೆಸಿಬಿಟ್ಟಿದ್ದರು. ಊಟ ಮಾಡಿ ಎದ್ದು ಹೋಗುವಾಗ ಒಮ್ಮೆ ಆ ಮೊಳೆಯನ್ನು ನೋಡಿ ಹೋಗುತ್ತಿದ್ದರು.

ಐದನೆಯ ದಿನ ಮಧ್ಯಾಹ್ನ ಮಗು ಮಲಗಿತ್ತು. ಅಜ್ಜಿ ಚಾವಡಿಯಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು. ಸುಪ್ರಿತಾ ಕ್ಯಾಮೆರಾ ಹಿಡಿದು ಎದುರಿಗೆ ಕೂತಳು.

"ಅಜ್ಜಿ, ಅದು ಮೂಗುತಿ ಅಲ್ಲ. ಇರುವೆ."

ಅಜ್ಜಿ ತಲೆ ಎತ್ತಲಿಲ್ಲ. "ಗೊತ್ತುಂಟು."

"ಗೊತ್ತಿತ್ತಾ?"

"ನನ್ನ ತೂತು ಬಲಕ್ಕೆ. ಅದು ಕೂತದ್ದು ಎಡಕ್ಕೆ. ಪುತ್ತೂರಿನ ಡಾಕ್ಟ್ರು ಕಣ್ಣು ಸರಿ ಮಾಡಿ ಕಳಿಸಿದ್ದು ಸುಮ್ಮನೆಯಾ?"

"ಮತ್ತೆ ಪೋಕರ್‌ಗೆಲ್ಲ ಯಾಕೆ ಹೇಳಿದ್ದು?"

"ಚಂದ ಕಂಡಿತು, ಹೇಳಿದೆ. ನೀನು ಎಂತ, ಇದಕ್ಕೇ ಎರಡು ದಿನದಿಂದ ಒಣಮೀನಿನ ಹಾಗೆ ಆದದ್ದಾ? ಇತ್ತ ಕೊಡು ಅದನ್ನು."

ಬೇಡ ಎನ್ನುವಷ್ಟರಲ್ಲಿ ಅಜ್ಜಿಯ ಹೆಬ್ಬೆರಳ ಉಗುರು ಹಾಳೆಯ ಅಂಚಿಗೆ ಬಿದ್ದಾಗಿತ್ತು. ಸುಪ್ರಿತಾ ಕಣ್ಣು ಮುಚ್ಚಿದಳು. ಸರ್ರೆಂದು ಒಂದು ಸದ್ದು, ಹಲಸಿನ ಬೀಜಕ್ಕೂ ಅದಕ್ಕೂ ವ್ಯತ್ಯಾಸವಿಲ್ಲದ ಹಾಗೆ. ಕಣ್ಣು ಬಿಟ್ಟರೆ ಹಾಳೆ ಇರುವೆಯ ಸಮೇತ ಅಜ್ಜಿಯ ಎಡಗೈಯಲ್ಲಿತ್ತು. ಪರದೆ ಫಳಫಳ ಹೊಳೆಯುತ್ತಿತ್ತು.

ಅಜ್ಜಿ ಪರದೆಯ ಫೋಟೋದಲ್ಲಿ ತನ್ನ ಮುಖವನ್ನು ತುಂಬಾ ಹೊತ್ತು ನೋಡಿದರು. ಕೈ ತಾನಾಗಿ ಮೂಗಿನ ಬಲಗಡೆಗೆ ಹೋಯಿತು.

"ಬೋಳು ಕಾಣ್ತದೆ," ಎಂದರು, ಮೆಲ್ಲಗೆ.

ಅಜ್ಜಿ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದರು. ಅಲ್ಲಿ ಅಜ್ಜ ಕೋಟು ತೊಟ್ಟು, ಟೈ ಕಟ್ಟಿ, ಯಾವುದೋ ಬ್ಯಾಂಕಿನ ಮ್ಯಾನೇಜರರ ಹಾಗೆ ಕೂತಿದ್ದರು.

"ನೋಡು ಮಗಾ, ಜನ್ಮದಲ್ಲಿ ಕೋಟು ಹಾಕಿದವರಲ್ಲ. ತೋಟಕ್ಕೆ ಹೋಗುವಾಗ ಬನಿಯನ್ ಸಹ ಇಲ್ಲ. ಸತ್ತ ಮೇಲೆ ಸ್ಟುಡಿಯೋದವ ಪಟದಲ್ಲಿ ಹಾಕಿ ಕೊಟ್ಟದ್ದು. ಅವರಿಗೆ ಕೋಟು ಆಗ್ತದೆ, ನನಗೆ ಒಂದು ಮೂಗುತಿ ಆಗುದಿಲ್ವಾ?"

ಸುಪ್ರಿತಾ ಫೋನ್ ತೆಗೆದಳು. ಈ ಸಲ ಕತ್ತರಿಸಲಿಲ್ಲ.

"ಮೇಡಂ, ನಿಮ್ಮದು ಎಂಟು ಮಿಸ್ಡ್ ಕಾಲ್ ಉಂಟು," ಎಂದ ಮಶೂದ್, ಹಲೋ ಕೂಡ ಹೇಳದೆ. "ಕ್ಯಾಮೆರಾಕ್ಕೆ ಎಂತ ಆಯ್ತು?"

"ಏನೂ ಆಗಿಲ್ಲ. ಸಿಪ್ಪೆ ತೆಗೆದಾಯ್ತು. ಅಜ್ಜಿಯ ಒಂದು ಫೋಟೋ ದೊಡ್ಡದು ಮಾಡಿಸಬೇಕು. ಅದರಲ್ಲಿ ಅವರಿಗೆ ಒಂದು ಮೂಗುತಿ ಹಾಕಿ ಕೊಡ್ತೀರಾ?"

"ಹಾಕುವ ಮೇಡಂ. ಎಷ್ಟು ದೊಡ್ಡದು ಬೇಕು?"

ಸುಪ್ರಿತಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ಕಿತ್ತ ಹಾಳೆಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದು, ಅದರಲ್ಲಿದ್ದುದನ್ನು ಬೆರಳಲ್ಲಿ ತೋರಿಸಿದರು.

"ಒಂದು ಇರುವೆಯಷ್ಟು," ಎಂದಳು ಸುಪ್ರಿತಾ ಫೋನಿಗೆ. "ಬಲಕ್ಕೆ."